'ಕ್ಲೋಸ್ ಶೇವ್' ಅಂದರೆ ಏನು? ಯಾವಾಗ ಬಳಸಬೇಕು?

ಗಡ್ಡ ಬೋಳಿಸುವುದಕ್ಕೂ ಅಪಾಯಕ್ಕೂ ಏನು ಸಂಬಂಧ ಅನ್ನಿಸುತ್ತದೆ, ಅಲ್ವಾ? ಕ್ಷೌರದ ಕತ್ತಿ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಒಂಚೂರು ಆಚೀಚೆ ಆದರೂ ರಕ್ತ. ಹಾಗೆಯೇ ಅಪಾಯ ಪಕ್ಕದಲ್ಲೇ ಹಾದುಹೋಗಿ, ನಮಗೇನೂ ಆಗದೆ ಉಳಿದರೆ ಅದು 'ಕ್ಲೋಸ್ ಶೇವ್'. 'ಕೂದಲೆಳೆ ಅಂತರದಲ್ಲಿ ಪಾರಾದ' ಅನ್ನುತ್ತೇವಲ್ಲ, ಅದೇ. ಇಲ್ಲೂ ಕೂದಲೇ ಬಂತು ನೋಡಿ!

ಅಪಾಯ ಕಳೆದ ಮೇಲೆ ಮಾತ್ರ ಹೀಗೆ ಹೇಳುವುದು. ಲಾರಿಯೊಂದು ಇನ್ನೇನು ಗುದ್ದಿತು ಅನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದು ಹೋದರೆ, 'ದಟ್ ವಾಸ್ ಎ ಕ್ಲೋಸ್ ಶೇವ್'. ಪೆಟ್ಟು ಬಿದ್ದಿದ್ದರೆ ಈ ಮಾತು ಹೊಂದುವುದಿಲ್ಲ. 'ಕ್ಲೋಸ್ ಕಾಲ್' ಕೂಡ ಹೆಚ್ಚುಕಮ್ಮಿ ಇದೇ ಅರ್ಥದ್ದು. ಆದರೆ ಯಾರು ಗೆದ್ದರು ಅಂತ ಹೇಳಲು ಕಷ್ಟವಾದಾಗಲೂ ಅದನ್ನು ಬಳಸುತ್ತಾರೆ.