ಕಾಫಿ ಸಸಿಯ ದುಂಡೆಲೆ ಹಳದಿಯಾದರೆ ರೋಗವೇ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಏರುಮಡಿಗೆ ಹಾಕಿದ ಅರೇಬಿಕಾ ಬೀಜ ಚೆನ್ನಾಗಿ ಮೊಳೆತಿದ್ದು, ಸಸಿಗಳನ್ನು ಪಾಲಿಥೀನ್ ಚೀಲಕ್ಕೆ ಬದಲಾಯಿಸಿದ್ದೇವೆ. ಮೊದಲು ಬಿಚ್ಚಿಕೊಂಡ ಎರಡು ದುಂಡನೆಯ ಎಲೆಗಳು ಕಾಫಿ ಎಲೆಯಂತಿಲ್ಲ. ಬಲಿತ ಸಸಿಗಳಲ್ಲಿ ಅವು ಈಗ ಹಳದಿಯಾಗುತ್ತಿವೆ. ತಡವಾಗಿ ಹುಟ್ಟಿದ ಕೆಲವು ಸಸಿಗಳ ತುದಿಯಲ್ಲಿ ಬೀಜದ ಟೋಪಿ ಇನ್ನೂ ಉದುರಿಲ್ಲ. ಹಳದಿ ಎಲೆಗಳನ್ನು ಚಿವುಟಬೇಕೇ? ಟೋಪಿಯನ್ನು ಕೈಯಿಂದ ಬಿಡಿಸಬಹುದೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಎರಡನ್ನೂ ಮಾಡಬೇಡಿ. ನೀವು ಹೇಳುತ್ತಿರುವ ದುಂಡನೆಯ ಜೋಡಿ ಎಲೆಗಳು ಸಸಿಯ ಬೀಜದಳಗಳು. ಉಳಿದ ಎಲೆಗಳು ಮೊಳಕೆಯ ತುದಿಯ ಕುಡಿಯಿಂದ ಒಂದೊಂದು ಜೊತೆಯಾಗಿ ಹೊಸದಾಗಿ ಮೂಡಿದರೆ, ಬೀಜದಳಗಳು ಬೀಜ ಕಟ್ಟುವಾಗಲೇ ಅದರೊಳಗಿನ ಭ್ರೂಣದ ಭಾಗವಾಗಿ ರೂಪುಗೊಂಡಿರುತ್ತವೆ; ಆದ್ದರಿಂದಲೇ ಅವುಗಳ ಆಕಾರ ಬೇರೆ.

ಟೋಪಿಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನರ್ಸರಿಗಳಲ್ಲಿ ಅವಸರದಿಂದ ಹೆಚ್ಚು ಸಸಿ ಹಾಳಾಗುವುದು ಇಲ್ಲಿಯೇ. ಅವರೆ, ಹೆಸರು, ಅಲಸಂದೆಗಳಲ್ಲಿ ಮೊಳಕೆಗೆ ಬೇಕಾದ ಆಹಾರವೆಲ್ಲ ಬೀಜದಳಗಳಲ್ಲೇ ತುಂಬಿರುತ್ತದೆ. ನಾವು ಬೇಳೆ ಎಂದು ಬೇಯಿಸುವುದು ಅವುಗಳನ್ನೇ. ಕಾಫಿಯಲ್ಲಿ ಹಾಗಲ್ಲ. ನಾವು ಹುರಿದು ಪುಡಿ ಮಾಡುವ ಬೀಜದ ಬಹುಪಾಲು ಭ್ರೂಣದ ಸುತ್ತಲಿನ ಗಟ್ಟಿಯಾದ ಆಹಾರದ ದಾಸ್ತಾನು. ಭ್ರೂಣ ಅದರ ಒಂದು ಮೂಲೆಯಲ್ಲಿ ಹುದುಗಿರುವ ಬಹಳ ಚಿಕ್ಕ ವಸ್ತು. ಬೇರು ಕೆಳಗಿಳಿದು ಕಾಂಡ ಬೀಜವನ್ನು ಮಣ್ಣಿನಿಂದ ಮೇಲಕ್ಕೆತ್ತಿ ಟೋಪಿಯಂತೆ ಹೊತ್ತು ನಿಂತಾಗ, ಒಳಗೆ ಮಡಚಿಕೊಂಡಿರುವ ಬೀಜದಳಗಳು ಆ ದಾಸ್ತಾನನ್ನು ಕರಗಿಸಿ ಹೀರಿಕೊಳ್ಳುತ್ತಾ, ಅದು ಬರಿದಾದಂತೆ ತಾವು ಅಗಲವಾಗುತ್ತಾ ಹೋಗುತ್ತವೆ. ಹೊರಗಿನಿಂದ ನೋಡುವವರಿಗೆ ಸಸಿ ಸುಮ್ಮನೆ ನಿಂತಂತೆ ಕಾಣುವ ಈ ದಿನಗಳಲ್ಲಿಯೇ ಅದರ ಊಟ ನಡೆಯುತ್ತಿರುತ್ತದೆ. ಟೋಪಿಯನ್ನು ಬಲವಂತವಾಗಿ ಎಳೆದರೆ ಆಹಾರವೂ ಹೋಗುತ್ತದೆ, ಎಳೆಯ ದಳವೂ ಹರಿಯುತ್ತದೆ. ಬಿಸಿಲಿನ ಝಳಕ್ಕೆ ಬೀಜದ ಸಿಪ್ಪೆ ಒಣಗಿ ಬಿಗಿದುಕೊಂಡಿದ್ದರೆ ಬೆಳಿಗ್ಗೆ ಸಂಜೆ ಸಣ್ಣ ತೂತಿನ ಝಾರಿಯಿಂದ ತುದಿಯನ್ನು ನೆನೆಸಿ, ಚಪ್ಪರದ ನೆರಳನ್ನು ಸರಿಪಡಿಸಿ. ದಾಸ್ತಾನು ಮುಗಿದಾಗ ಅದು ತಾನಾಗಿಯೇ ಕಳಚಿ ಬೀಳುತ್ತದೆ.

ಟೋಪಿ ಬಿದ್ದ ಮೇಲೆ ಬೀಜದಳಗಳ ಕೆಲಸ ಬದಲಾಗುತ್ತದೆ. ಅವು ಹಸಿರಾಗಿ, ಅಂಚು ಅಲೆಯಲೆಯಾಗಿ ಹರಡಿ, ಬೆಳಕಿನಿಂದ ಆಹಾರ ತಯಾರಿಸಿ, ನಿಜವಾದ ಎಲೆಗಳು ಬಲಿಯುವವರೆಗೆ ಸಸಿಯನ್ನು ಸಾಕುತ್ತವೆ. ಅನಂತರ ಸಸಿ ಅವುಗಳಲ್ಲಿ ಉಳಿದ ಸಾರಜನಕದಂಥ ಪೋಷಕಾಂಶಗಳನ್ನು ಹಿಂದಕ್ಕೆ ಎಳೆದುಕೊಂಡು ಹೊಸ ಚಿಗುರಿಗೆ ಕೊಡುತ್ತದೆ. ನೀವು ಕಾಣುತ್ತಿರುವ ಹಳದಿ ಬಣ್ಣ ಅದರ ಗುರುತು. ಈಗ ಚಿವುಟಿದರೆ ಆ ಕೊನೆಯ ಪಾಲು ಸಸಿಗೆ ತಪ್ಪುತ್ತದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಮೇಲಿನ ಎಲೆಗಳು ಹಸಿರಾಗಿದ್ದು ಕೆಳಗಿನ ದುಂಡೆಲೆ ಮಾತ್ರ ಹಳದಿಯಾದರೆ ಚಿಂತೆಯಿಲ್ಲ. ಮಣ್ಣಿನ ಮಟ್ಟದಲ್ಲಿ ಕಾಂಡ ಕಪ್ಪಾಗಿ ಕೊಳೆತು ಇಡೀ ಸಸಿ ಬಾಡುತ್ತಿದ್ದರೆ ಅದು ಶಿಲೀಂಧ್ರದಿಂದ ಬರುವ ಬುಡಕೊಳೆ. ಅಂಥ ಸಸಿಗಳನ್ನು ಕಿತ್ತು ದೂರ ಹಾಕಿ, ನೀರು ಮತ್ತು ನೆರಳನ್ನು ಕಡಿಮೆ ಮಾಡಿ. ಹರಡುತ್ತಿದ್ದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರಿಗೆ ಮಾದರಿಯನ್ನು ತೋರಿಸುವುದು ಒಳ್ಳೆಯದು.

ಪ್ರಶ್ನೆ: ಹೊಲದಲ್ಲಿ ಹುಟ್ಟಿದ ಅವರೆಯ ಬೇಳೆಗಳನ್ನು ಹಕ್ಕಿಗಳು ಕುಕ್ಕಿಹಾಕಿವೆ, ಪಕ್ಕದ ತೊಗರಿಗೆ ಏನೂ ಆಗಿಲ್ಲ. ಅವರೆ ಚೇತರಿಸಿಕೊಳ್ಳುವುದೇ?
– ಓದುಗರೊಬ್ಬರು, ಹಾಸನ

ಉತ್ತರ: ಅವರೆ ಮೊಳೆಯುವಾಗ ಬೇಳೆಗಳನ್ನು ನೆಲದ ಮೇಲಕ್ಕೆ ಎತ್ತುತ್ತದೆ, ತೊಗರಿ ಅವುಗಳನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನು ಮಾತ್ರ ಹೊರಗೆ ಕಳಿಸುತ್ತದೆ. ಆದ್ದರಿಂದ ಹಕ್ಕಿಗೆ ತೊಗರಿಯ ಬೇಳೆ ಸಿಗಲಿಲ್ಲ. ನಿಮ್ಮ ಅವರೆಯಲ್ಲಿ ಮೊದಲ ಜೋಡಿ ಎಲೆ ಅಗಲವಾದ ಮೇಲೆ ಬೇಳೆ ಹೋಗಿದ್ದರೆ ನಷ್ಟ ಅಲ್ಪ. ನೆಲ ಬಿಟ್ಟು ಎದ್ದೊಡನೆ ಎರಡೂ ಹೋಗಿದ್ದರೆ ಗಿಡ ಸಾಯದಿದ್ದರೂ ಸೊರಗಿ ಹಿಂದೆ ಬೀಳುತ್ತದೆ. ಬೇಳೆಗಳ ನಡುವಿನ ಕುಡಿಯೂ ತುಂಡಾಗಿ, ಬೇಳೆ ಅಂಟಿಕೊಂಡಿದ್ದ ಗಿಣ್ಣಿನ ಕೆಳಕ್ಕೇ ಕಾಂಡ ಮುರಿದಿದ್ದರೆ ಮತ್ತೆ ಚಿಗುರಲು ಅದಕ್ಕೆ ಮೊಗ್ಗೇ ಉಳಿದಿರುವುದಿಲ್ಲ. ಅಂಥ ಜಾಗದಲ್ಲಿ ತೇವ ಆರುವ ಮೊದಲೇ ಮರುಬಿತ್ತನೆ ಮಾಡಿ.