ಒಂದೇ ಕೋಡ್, ಸಿಯಾಟಲ್‌ನಲ್ಲಿ ನಾಲ್ಕು ಪಟ್ಟು ಸಂಬಳ ಯಾಕೆ?

ಪ್ರಶ್ನೆ: ಅಮೆರಿಕದ ಕಂಪನಿಯೊಂದರ ಮಾರತಹಳ್ಳಿ ಕಚೇರಿಯಲ್ಲಿ ಡೆವಲಪರ್ ಆಗಿದ್ದೇನೆ. ಸಿಯಾಟಲ್‌ನಲ್ಲಿರುವ ನಮ್ಮದೇ ಟೀಮಿನವರೊಬ್ಬರಿಗೆ ನನ್ನಷ್ಟೇ ಅನುಭವ, ಮಾಡುವುದೂ ಅದೇ ಕೆಲಸ. ಸಂಬಳ ಮಾತ್ರ ನನ್ನದರ ನಾಲ್ಕು ಪಟ್ಟು. ಕೇಳಿದರೆ ಎಚ್‌ಆರ್‌ನವರು 'ನಿಮ್ಮಲ್ಲಿ ಜೀವನವೆಚ್ಚ ಕಡಿಮೆ' ಅನ್ನುತ್ತಾರೆ. ಲ್ಯಾಪ್‌ಟಾಪ್, ಫೋನು ನಮಗೇನು ಅಗ್ಗಕ್ಕೆ ಸಿಗುತ್ತವೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎಚ್‌ಆರ್‌ನವರದು ನಯವಾದ ಉತ್ತರ, ಪೂರ್ತಿ ಉತ್ತರವಲ್ಲ. ಜೀವನವೆಚ್ಚವೇ ಸಂಬಳ ನಿರ್ಧರಿಸುವುದಾದರೆ ಲಂಡನ್‌ನ ಡೆವಲಪರ್‌ಗೂ ಸಿಯಾಟಲ್‌ನವರಷ್ಟೇ ಸಿಗಬೇಕಿತ್ತು. ಲಂಡನ್‌ನ ಬಾಡಿಗೆ ಏನೂ ಕಮ್ಮಿಯಿಲ್ಲ, ಸಂಬಳ ಮಾತ್ರ ಎಷ್ಟೋ ಕಮ್ಮಿ.

ಕಂಪನಿ ನೋಡುವುದು ನಿಮ್ಮ ಖರ್ಚನ್ನಲ್ಲ. ನೀವು ಬಿಟ್ಟುಹೋಗದಿರಲು ಎಷ್ಟು ಕೊಟ್ಟರೆ ಸಾಕು ಎಂಬುದನ್ನು. ಸಿಯಾಟಲ್ ಸುತ್ತಮುತ್ತಲೇ ಅಮೆಜಾನ್, ಮೈಕ್ರೋಸಾಫ್ಟ್‌ಗಳ ಮುಖ್ಯ ಕಚೇರಿಗಳಿವೆ; ದರ ಏರಿಸಿದ್ದು ಅವುಗಳ ಪೈಪೋಟಿ. ಬೆಂಗಳೂರಿನಲ್ಲೂ ಕಂಪನಿಗಳಿಗೆ ಬರವಿಲ್ಲ, ಆದರೆ ಇಲ್ಲಿ ದರದ ತಳಪಾಯ ಹಾಕಿದ್ದು ಐಟಿ ಸರ್ವಿಸ್ ಕಂಪನಿಗಳು. ಅಲ್ಲಿ ಹೊಸಬರಿಗೆ ಹತ್ತು ವರ್ಷದ ಹಿಂದೆ ವರ್ಷಕ್ಕೆ 3–4 ಲಕ್ಷದ ಆಸುಪಾಸು ಇತ್ತು, ಇಂದಿಗೂ ಹೆಚ್ಚುಕಡಿಮೆ ಅಷ್ಟೇ. ಅದರ ಹಲವು ಪಟ್ಟು ಕೊಡುವ ನಿಮ್ಮ ಕಂಪನಿ 'ಮಾರುಕಟ್ಟೆಗಿಂತ ಜಾಸ್ತಿ ಕೊಡ್ತೀವಿ' ಎಂದರೆ ಸುಳ್ಳೇನಲ್ಲ.

ನಾಳೆಯೇ ಗಂಟುಮೂಟೆ ಕಟ್ಟಿ ಸಿಯಾಟಲ್‌ಗೆ ಹೊರಡುವಂತಿದ್ದರೆ ಈ ಅಂತರ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಅಮೆರಿಕದ ಕೆಲಸದ ವೀಸಾ ಎಚ್-1ಬಿ ಖಾಸಗಿ ಕಂಪನಿಗಳಿಗೆ ಹೊಸದಾಗಿ ಸಿಗುವುದು ವರ್ಷಕ್ಕೆ 85,000, ಅದೂ ಇಡೀ ಜಗತ್ತಿಗೆ, ಲಾಟರಿಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಬೇರೆ ಹೇರಿದರು. ನೀವು ಬರೆದ ಕೋಡ್‌ಗೆ ವೀಸಾ ಬೇಡ, ನಿಮಗೆ ಬೇಕು.

ಲ್ಯಾಪ್‌ಟಾಪ್ ಬಗ್ಗೆ ನೀವು ಹೇಳಿದ್ದು ಸರಿ. ಗಡಿ ದಾಟಿ ಬರುವ ವಸ್ತುವಿಗೆ ಎಲ್ಲೆಡೆ ಹತ್ತಿರಹತ್ತಿರ ಒಂದೇ ಬೆಲೆ, ಮೇಲೆ ನಮ್ಮ 18% ಜಿಎಸ್‌ಟಿ. ಗಡಿ ದಾಟದ ಕ್ಷೌರ, ಮನೆಗೆಲಸ, ದರ್ಶಿನಿಯ ಇಡ್ಲಿ ಇಲ್ಲಿ ಅಗ್ಗ. ಹಾಗಾಗಿ ಬ್ಯಾಂಕಿನಲ್ಲಿ ಡಾಲರ್‌ಗೆ 85 ರೂಪಾಯಿ ದಾಟಿದರೂ, ವಿಶ್ವಬ್ಯಾಂಕ್‌ನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಅದು 20ರ ಆಸುಪಾಸು; ಅಂದರೆ ಅಲ್ಲಿ ಒಂದು ಡಾಲರ್‌ಗೆ ಬರುವಷ್ಟು ಸಾಮಾನು-ಸೇವೆ ಇಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ. ಆ ಲೆಕ್ಕ ಹಿಡಿದರೆ ನಿಮ್ಮ ನಾಲ್ಕು ಪಟ್ಟು ಕರಗಿಯೇ ಹೋಗುತ್ತದೆ. ಆದರೆ ಅದು ಇಡೀ ದೇಶದ ಸರಾಸರಿ. ಮಾರತಹಳ್ಳಿಯಲ್ಲಿ ಬಾಡಿಗೆ ಕೊಟ್ಟು, ಮಕ್ಕಳ ಸ್ಕೂಲ್ ಫೀಸು ಕಟ್ಟುವವರು ಅದನ್ನು ನಂಬಿ ಸಮಾಧಾನಪಟ್ಟುಕೊಳ್ಳಬೇಕಿಲ್ಲ.

ಅಪ್ರೈಸಲ್‌ನಲ್ಲಿ ಸಿಯಾಟಲ್ ಮಾತು ಎತ್ತಬೇಡಿ, ಉಪಯೋಗವಿಲ್ಲ. ಬೆಳ್ಳಂದೂರಿನದೋ ವೈಟ್‌ಫೀಲ್ಡಿನದೋ ಇನ್ನೊಂದು ಕಂಪನಿಯ ಆಫರ್ ಲೆಟರ್ ಇದ್ದರೆ ಅದನ್ನು ಮುಂದಿಡಿ. ಸಂಬಳ ಏರಿಸಲಾಗದು ಎಂದರೆ ಷೇರು ಕೇಳಿ. ನಿಮ್ಮ ಕಂಪನಿ ಅಮೆರಿಕದ ಷೇರುಪೇಟೆಯಲ್ಲಿದ್ದರೆ, ಅದರ ಒಂದು ಷೇರಿಗೆ ಸಿಯಾಟಲ್‌ನಲ್ಲಿ ಇರುವಷ್ಟೇ ಬೆಲೆ ಮಾರತಹಳ್ಳಿಯಲ್ಲೂ.