ಅಮ್ಮನ ‘ನಾವು’, ಮಗಳ ‘ನಾವು’

ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದಲ್ಲಿ ಇರುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಹದಿನಾಲ್ಕು ವರ್ಷದಿಂದ ನೀವು ಬೇರೆ ದೇಶದಲ್ಲಿದ್ದೀರಿ. ಹೋದ ವರ್ಷ ಅಲ್ಲಿನ ಪೌರತ್ವ ಸಿಕ್ಕಿತು. ಮೊನ್ನೆ ಟಿವಿಯಲ್ಲಿ ಹುಟ್ಟಿದ ದೇಶಕ್ಕೂ ಈಗಿನ ದೇಶಕ್ಕೂ ಕ್ರಿಕೆಟ್ ಪಂದ್ಯ. ಹುಟ್ಟಿದ ದೇಶ ಗೆದ್ದಾಗ ನೀವು “ಗೆದ್ವಿ!” ಅಂತ ಕೂಗಿ ಎದ್ದು ನಿಂತಿರಿ. ಪಕ್ಕದಲ್ಲಿದ್ದ ಎಂಟು ವರ್ಷದ ಮಗಳು ಮುಖ ಸಣ್ಣದು ಮಾಡಿಕೊಂಡು, “ಅಮ್ಮಾ, ನಾವು ಸೋತ್ವಿ ಅಲ್ವಾ?” ಅಂದಳು. ಅವತ್ತಿನಿಂದ ನಿಮಗೆ ನಿದ್ದೆ ಸರಿಯಿಲ್ಲ. ನಾನು ಯಾವ ದೇಶದವಳು, ಪೌರತ್ವದ ಪ್ರಮಾಣ ಮಾಡುವಾಗ ಸುಳ್ಳು ಹೇಳಿದೆನಾ ಅಂತ ಕೇಳಿದ್ದೀರಿ.

ಮೊದಲು ಪಂದ್ಯದ ವಿಷಯ ಮುಗಿಸಿಬಿಡೋಣ. ಇದು ಹಳೇ ಪರೀಕ್ಷೆ. 1990ರಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್, ವಲಸೆ ಬಂದವರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಜೈ ಅನ್ನುತ್ತಾರೆ ಅನ್ನುವುದರಲ್ಲೇ ಅವರ ನಿಷ್ಠೆ ಗೊತ್ತಾಗುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ‘ಕ್ರಿಕೆಟ್ ಟೆಸ್ಟ್’ ಅಂತಲೇ ಅದಕ್ಕೆ ಹೆಸರು ಬಿತ್ತು. ನನ್ನ ಪ್ರಕಾರ ಇದು ಕೆಟ್ಟ ಅಳತೆಗೋಲು. ಹತ್ತನೇ ವಯಸ್ಸಿನಲ್ಲಿ ಅಂಟಿದ ತಂಡ ನಲವತ್ತರಲ್ಲಿ ಬಿಡುವುದಿಲ್ಲ. ಅದಕ್ಕೂ ನೀವು ತೆರಿಗೆ ಕಟ್ಟುವುದಕ್ಕೂ, ಪಕ್ಕದ ಮನೆಯವರ ಕಷ್ಟಕ್ಕೆ ಆಗುವುದಕ್ಕೂ ಏನು ಸಂಬಂಧ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಪಂದ್ಯ ಅಲ್ಲ, ಮಗಳ ‘ನಾವು’. ತುಳುವಿನಲ್ಲಿ ಎರಡು ‘ನಾವು’ ಇವೆ. ಕೇಳುವವರನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟು ಹೇಳಿದರೆ ‘ಎಂಕುಲು’. ತಮಿಳು, ತೆಲುಗಿನಲ್ಲೂ ಹೀಗೇ ಎರಡೆರಡು. ಇವತ್ತಿನ ಕನ್ನಡಕ್ಕೆ ಒಂದೇ. ಎದುರಿಗಿರುವವರು ಅದರ ಒಳಗಿದ್ದಾರಾ ಹೊರಗಿದ್ದಾರಾ ಅಂತ ಸಂದರ್ಭ ನೋಡಿಯೇ ತಿಳಿದುಕೊಳ್ಳಬೇಕು. ಮಗಳ ‘ನಾವು’ ಕೇಳಿದಾಗ ನೀವು ಹೊರಗಿದ್ದೀರಿ ಅಂದುಕೊಂಡಿರಿ. ಅವಳು ನಿಮ್ಮನ್ನು ಸೇರಿಸಿಕೊಂಡೇ ಹೇಳಿದ್ದು ಅಂತ ನನ್ನ ಊಹೆ. ಇಲ್ಲದಿದ್ದರೆ ‘ಅಲ್ವಾ?’ ಅಂತ ಯಾಕೆ ಕೇಳುತ್ತಿದ್ದಳು?

ಅಷ್ಟಕ್ಕೂ ದೇಶ ಅನ್ನುವುದು ಇಂಥ ಗದ್ದಲದ ಹೊತ್ತಿನಲ್ಲಿ ಇರುವುದು ಕಡಿಮೆ. ಮೈಕಲ್ ಬಿಲಿಗ್ ಎಂಬ ಬ್ರಿಟಿಷ್ ವಿದ್ವಾಂಸರು 1995ರಲ್ಲೇ ಇದನ್ನು ತೋರಿಸಿದ್ದರು. ಕೈಯಲ್ಲಿ ಹಿಡಿದು ಬೀಸುವ ಬಾವುಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಚೇರಿ ಮೇಲೆ ದಿನವೂ ಸುಮ್ನೆ ತೂಗುವ ಬಾವುಟವನ್ನು ಯಾರೂ ನೋಡುವುದಿಲ್ಲ. ಆದರೆ ನಾವು ಯಾರು ಅಂತ ದಿನಾ ನೆನಪಿಸುವುದು ಅದೇ.

ನಿಮ್ಮ ಪತ್ರ ಓದಿದ ಮೇಲೆ ನಮ್ಮ ಹಿಂದಿನ ಸಂಚಿಕೆ ತೆಗೆದು, ಪೆನ್ಸಿಲ್ ಹಿಡಿದು ಕೂತೆ. ಒಂದೇ ಪುಟದಲ್ಲಿ ‘ದೇಶದಾದ್ಯಂತ’ ಎರಡು ಸಲ, ‘ನಮ್ಮ ರೈತರು’ ಒಂದು ಸಲ, ‘ಇಲ್ಲಿನ ಕಾನೂನು’ ಒಂದು ಸಲ, ಬರೀ ‘ಸರ್ಕಾರ’ ಆರು ಸಲ. ಯಾವ ದೇಶ, ಯಾರ ಸರ್ಕಾರ? ಎಲ್ಲೂ ಬರೆದಿಲ್ಲ. ಆ ಪುಟವನ್ನು ಮೂರು ಸಲ ತಿದ್ದಿದ್ದು ನಾನೇ. ಕಣ್ಣಿಗೇ ಬಿದ್ದಿರಲಿಲ್ಲ. ಮನೆಯೊಳಗೆ ಇರುವವರಿಗೆ ಮನೆಯ ಹೆಸರು ಬೇಕಾಗುವುದಿಲ್ಲ. ಬ್ರಿಟನ್ನಿನ ಅಂಚೆಚೀಟಿಯ ಮೇಲೂ ದೇಶದ ಹೆಸರಿಲ್ಲ, ರಾಜನದೋ ರಾಣಿಯದೋ ತಲೆ ಮಾತ್ರ. 1840ರಲ್ಲಿ ಅವರು ಚೀಟಿ ಹೊರಡಿಸಿದಾಗ ಬೇರೆ ಯಾರ ಹತ್ತಿರವೂ ಇರಲಿಲ್ಲ, ಹೆಸರು ಯಾಕೆ ಬೇಕು? ಆ ರೂಢಿ ಹಾಗೇ ಉಳಿದಿದೆ.

ಇನ್ನು ಪ್ರಮಾಣದ ಮಾತು. “ಕಾಗದದಲ್ಲೇನಿದೆ, ಮನಸ್ಸು ಮುಖ್ಯ” ಅಂತ ನಾನು ಹೇಳುವುದಿಲ್ಲ. ಅದು ಕಾಗದ ಇರುವವರ ಮಾತು. ಭಾರತ, ಬಾಂಗ್ಲಾದೇಶದ ಗಡಿಯಲ್ಲಿ ಛಿಟ್‌ಮಹಲ್ ಅನ್ನುವ ತುಂಡುನೆಲಗಳಿದ್ದವು. ಬಾಂಗ್ಲಾದೇಶದ ನಡುವೆ ಭಾರತದ ತುಂಡು, ಭಾರತದ ನಡುವೆ ಬಾಂಗ್ಲಾದೇಶದ ತುಂಡು. ಅಲ್ಲಿಯವರು ತಮ್ಮದು ಅನ್ನುವ ದೇಶಕ್ಕೆ ಹೋಗಬೇಕಾದರೆ ಪರದೇಶ ದಾಟಬೇಕು. ದಾಟಲು ಕಾಗದ ಬೇಕು. ಕಾಗದ ಕೊಡುವ ಕಚೇರಿ ಇರುವುದು ದಾಟಿದ ಮೇಲೆ! ಮಕ್ಕಳನ್ನು ಸ್ಕೂಲಿಗೆ ಸೇರಿಸಲು ಸುಳ್ಳು ವಿಳಾಸ, ಕೆಲವು ಸಲ ಬೇರೆಯವರನ್ನು ಅಪ್ಪ ಅಂತ ಬರೆಸಿದ್ದೂ ಉಂಟು.

2015ರ ಜುಲೈ 31ರ ಮಧ್ಯರಾತ್ರಿ ಎರಡೂ ದೇಶಗಳು ಈ ನೆಲಗಳನ್ನು ಅದಲುಬದಲು ಮಾಡಿಕೊಂಡವು. ಭಾರತದ 111, ಬಾಂಗ್ಲಾದೇಶದ 51. ಯಾವ ದೇಶ ಬೇಕು ಅಂತ ಜನರನ್ನೇ ಕೇಳಿದರು. ಬಾಂಗ್ಲಾದೇಶದ ನಡುವೆ ಇದ್ದ ತುಂಡುಗಳಲ್ಲಿ ಸುಮಾರು 37,000 ಜನ. ಭಾರತದವರಾಗಿಯೇ ಇರುತ್ತೇವೆ, ಗಂಟುಮೂಟೆ ಕಟ್ಟುತ್ತೇವೆ ಅಂದವರು ಸಾವಿರವೂ ಇಲ್ಲ. ಉಳಿದವರೆಲ್ಲ ಕಾಲ ಕೆಳಗಿನ ನೆಲದ ಕಾಗದವೇ ಸಾಕು ಅಂದರು. ಗದ್ದೆ ಅಲ್ಲೇ, ಸಂತೆ ಅಲ್ಲೇ, ಸತ್ತ ಅಪ್ಪ ಅಮ್ಮ ಮಣ್ಣಾದದ್ದೂ ಅಲ್ಲೇ. ಅವರು ಯಾರಿಗಾದರೂ ಮೋಸ ಮಾಡಿದರು ಅಂತ ನೀವು ಹೇಳುತ್ತೀರಾ? ಇಲ್ಲ ತಾನೇ? ಹಾಗಾದರೆ ನಿಮಗೆ ಮಾತ್ರ ಯಾಕೆ ಬೇರೆ ಕಾನೂನು?

ಪತ್ರದ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀರಿ. “ಎಲ್ಲಿಯವರು?” ಅಂದಾಗ ನೀವು ಈಗಿನ ದೇಶದ ಹೆಸರು ಹೇಳಿದರೆ, “ಅದಲ್ಲ, ನಿಜವಾಗಿ ಎಲ್ಲಿಯವರು?” ಅಂತ ಇನ್ನೊಮ್ಮೆ ಕೇಳುತ್ತಾರಂತೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನೀವು ಎಷ್ಟೇ ‘ನಾವು’ ಅಂದರೂ ಎದುರಿನವರೂ ಅದನ್ನು ಒಪ್ಪಬೇಕಲ್ಲ. ಮಗಳನ್ನೂ ಒಂದು ದಿನ ಹೀಗೆ ಕೇಳುತ್ತಾರೆ. ಅವಳ ಉತ್ತರ ನಿಮ್ಮದಕ್ಕಿಂತ ಚುರುಕಾಗಿರಬಹುದು. ಏನಂದಳು ಅಂತ ನಮಗೂ ತಿಳಿಸಿ.

ಒಂದು ಕಚೇರಿ ವಿಷಯ. ನಿಮಗೆ ಈ ಸಂಚಿಕೆಯ ಪ್ರತಿ ಕಳಿಸುತ್ತಿದ್ದೇವೆ. ಲಕೋಟೆಯ ಹಿಂದೆ ಮನೆ ನಂಬರು, ಬೀದಿ, ಊರು, ಅಂಚೆ ಸಂಖ್ಯೆ ಎಲ್ಲಾ ನೀಟಾಗಿ ಬರೆದಿದ್ದೀರಿ. ದೇಶದ ಹೆಸರು ಮಾತ್ರ ಬಿಟ್ಟುಬಿಟ್ಟಿದ್ದೀರಿ. ಅಲ್ಲಿಯವರು ತಮ್ಮತಮ್ಮಲ್ಲಿ ಕಾಗದ ಹಾಕುವಾಗ ಹೀಗೇ ಬಿಡುತ್ತಾರೆ ಅಂತ ಗೊಣಗಿಕೊಂಡು, ನಮ್ಮ ಗುಮಾಸ್ತರು ಠಸ್ಸೆ ನೋಡಿ ತುಂಬಿಸಿದ್ದಾರೆ.

– ಸಂ.